ಬೇಲಿಯ ಬುಡದ ಜೇಕು

ಜೇಕಿನಂಥ ಹಟಮಾರಿ ಕಳೆ ಇನ್ನೊಂದಿಲ್ಲ. ಮೇಲೆ ಕಿತ್ತರೆ ಕೆಳಗಿನ ಗಡ್ಡೆ ಮತ್ತೆ ಚಿಗುರುತ್ತದೆ, ಬೇಲಿ ಯಾರದೆಂದು ಕೇಳದೆ ನುಗ್ಗುತ್ತದೆ. ಬಟ್ಟೆ ಹೊಲಿದು ಜೀವನ ಸಾಗಿಸುವ ಈ ಹೆಣ್ಣುಮಗಳು ಬಿಡುವಾದಾಗಲೆಲ್ಲ ಹಿತ್ತಲು ಅಗೆದು, ಗಡ್ಡೆ ಆರಿಸಿ, ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸಿ, ಮೇಲೆ ಒಣ ಎಲೆ ಮುಚ್ಚುತ್ತಿದ್ದಳು. ಸೊಂಟ ಬಿದ್ದುಹೋದರೂ ಸರಿ, ಕಳೆಗೆ ಹೊಡೆಯುವ ಔಷಧಿ ಮಾತ್ರ ಬೇಲಿಯೊಳಗೆ ಬರಕೂಡದು. ಔಷಧಿಯಂತೆ ಔಷಧಿ! ವಿಷಕ್ಕೆ ಆ ಹೆಸರಿಟ್ಟವನ ಬಾಯಿಗೆ ಮಣ್ಣು ಬೀಳಲಿ. ಅವಳ ಗಂಡ ಊರಿನ ಉದ್ಯಾನಗಳಲ್ಲಿ ವರ್ಷಗಟ್ಟಲೆ ಕಳೆಗೆ ಅದನ್ನೇ ಹೊಡೆದ. ಬಾಯಿಗೆ ಬಟ್ಟೆಯಿಲ್ಲ, ಕೈಗೆ ಗವಸಿಲ್ಲ. ಕೊನೆಗೆ ರಕ್ತದ ಕಾಯಿಲೆ ಬಂದು, ನೋಡನೋಡುತ್ತ ಹೋಗಿಬಿಟ್ಟ.

ಆ ಕೆಲಸಕ್ಕೆ ಅವನನ್ನು ಸೇರಿಸಿದವನು ಅವನ ಅಣ್ಣ, ಬೇಲಿಯಾಚೆಯ ಮನೆಯ ಭಾವ. ಗಂಡ ಸತ್ತ ದಿನದಿಂದ ಅವಳು ಆ ಮನೆಯವರ ಜೊತೆ ಮಾತು ಬಿಟ್ಟಿದ್ದಳು. ಎದುರಾದರೆ ಭಾವ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಅವನಿಗೆ ಹೇಳಲೆಂದು ಒಂದೇ ಒಂದು ಮಾತನ್ನು ಎದೆಯಲ್ಲಿ ಮಸೆದಿಟ್ಟುಕೊಂಡಿದ್ದಳು: ನನ್ನ ಗಂಡನನ್ನು ತಿಂದವರು ನೀವೇ.

ಅವತ್ತು ಬೆಳಿಗ್ಗೆ ಮೂಗಿಗೆ ಆ ವಾಸನೆ ಬಡಿಯಿತು. ಎಷ್ಟು ಒಗೆದರೂ ಗಂಡನ ಅಂಗಿಯಿಂದ ಹೋಗದಿದ್ದ ವಾಸನೆ. ನೋಡಿದರೆ ಬೇಲಿಯಾಚೆ ಭಾವ ಬೆನ್ನಿಗೆ ಔಷಧಿ ಪಂಪು ಕಟ್ಟಿಕೊಂಡು ನಿಂತಿದ್ದಾನೆ! ಈಚೆಯಿಂದ ನುಗ್ಗಿದ ಜೇಕು ಅವನ ತರಕಾರಿ ಮಡಿಯನ್ನೆಲ್ಲ ನುಂಗಿಹಾಕಿತ್ತು, ನಿಜ. ಆದರೆ ಇಷ್ಟಾದ ಮೇಲೂ ಅದನ್ನೇ ಹೊತ್ತನಲ್ಲ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗುದ್ದಲಿ ಹಿಡಿದುಕೊಂಡೇ ಓಡಿದಳು. ಇವತ್ತು ಅಂದೇ ಬಿಡುತ್ತೇನೆ ಎಂದು ಬಾಯಿ ತೆರೆದಳು.

ಆಗ ಪಂಪಿನ ಪಟ್ಟಿ ಕಣ್ಣಿಗೆ ಬಿತ್ತು. ಹೆಗಲ ಮೇಲೆ ಕೂರುವಲ್ಲಿ ಒಂದು ಮೆತ್ತೆ. ಹಳೆಯ ಹೊದಿಕೆ ಮಡಿಸಿ ಒತ್ತೊತ್ತಾಗಿ ಹಾಕಿದ ಹೊಲಿಗೆ, ಅವಳದೇ ಹೊಲಿಗೆ. ಪಟ್ಟಿ ಹೆಗಲು ಕೊರೆಯುತ್ತದೆ, ಈ ಕೆಲಸವೇ ಬೇಡ ಎಂದು ಗಂಡ ಗೊಣಗಿದಾಗ ಅವತ್ತೇ ಕೂತು ಹೊಲಿದುಕೊಟ್ಟಿದ್ದಳು. ಆಮೇಲೆ ಅವನು ಕೆಲಸ ಬಿಡುವ ಮಾತೆತ್ತಲಿಲ್ಲ.

ಮಸೆದಿಟ್ಟ ಮಾತು ಈಗ ಅವಳ ಕಡೆಗೇ ತಿರುಗಿತು.

“ಇಳಿಸಿ ಭಾವ, ಅದನ್ನ ಹೊಡೀಬೇಡಿ,” ಎಂದಳು. “ನಾನೇ ಬಂದು ಅಗೆದುಕೊಡ್ತೀನಿ.”

ಇಷ್ಟು ವರ್ಷದ ಮೇಲೆ ಅವಳ ದನಿ ಕೇಳಿ ಭಾವ ತಬ್ಬಿಬ್ಬಾದ. ಪಂಪು ಇಳಿಸಿ ನೆಲಕ್ಕಿಟ್ಟ. “ನನಗೆ ಅಗೆಯೋಕೆ ಮಂಡಿ ಕೇಳಲ್ಲ ಕಣಮ್ಮ, ಅದಕ್ಕೇ...”

“ಆ ಮೆತ್ತೆ ಹೊಲಿದವಳು ನಾನು, ಭಾವ. ಅವರಿಗೆ ನೋವಾಗಬಾರದು ಅಂತ ಹೊಲಿದೆ. ನೋಯಲಿ ಅಂತ ಬಿಟ್ಟಿದ್ರೆ ಕೆಲಸ ಬಿಡ್ತಿದ್ರು. ಬದುಕಿರ್ತಿದ್ರು.”

ಭಾವ ಆ ಪಟ್ಟಿಯನ್ನೇ ನೋಡುತ್ತ ನಿಂತ. “ಗೊತ್ತಮ್ಮ. ನನ್ನವಳು ಹೊಲಿದದ್ದು ಅಂತ ಸಿಕ್ಕಸಿಕ್ಕವರಿಗೆಲ್ಲ ತೋರಿಸ್ತಿದ್ದ. ಅವನು ಹೋದ ಮೇಲೆ ಪಂಪು ನನ್ನ ಹತ್ರಾನೇ ಉಳೀತು, ಅವನ ಸಾಮಾನು ಅಂತ ಬಿಸಾಕೋಕೆ ಮನಸ್ಸು ಬರಲಿಲ್ಲ.”

ಅವಳು ಬೇಲಿ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು. ಗಂಡ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಅವತ್ತು ಸಿಟ್ಟು ಅಳಲು ಬಿಟ್ಟಿರಲಿಲ್ಲ. ಭಾವ ಕೈ ಚಾಚಿ ಅವಳ ಗುದ್ದಲಿ ತೆಗೆದುಕೊಂಡ. ಕಷ್ಟಪಟ್ಟು ನೆಲಕ್ಕೆ ಕೂತು, ತನ್ನ ಕಡೆಯ ಗಡ್ಡೆಗಳನ್ನು ಒಂದೊಂದಾಗಿ ಅಗೆಯತೊಡಗಿದ.