ಓನರ್ ಇಲ್ಲೇ ಇರ್ತಾರೇನ್ರಿ?

ಬಾಡಿಗೆ ಮನೆ ನೋಡಲು ಬಂದವರು ಏನು ಕೇಳಬೇಕು? ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಗಾಡಿ ಎಲ್ಲಿ ನಿಲ್ಲಿಸಬೇಕು, ಘಟಪ್ರಭೆ ಉಕ್ಕಿದರೆ ನೀರು ಇಲ್ಲಿಯವರೆಗೆ ಬರುತ್ತದೋ ಇಲ್ಲವೋ. ಇವು ಕೇಳುವ ಮಾತು. ಆದರೆ ಗೋಕಾಕದಲ್ಲಿ ನಾನು ಕಟ್ಟಿಸಿದ ಬಿಲ್ಡಿಂಗಿಗೆ ಬಂದವರೆಲ್ಲ ಚಪ್ಪಲಿ ಬಿಡುವ ಮೊದಲೇ ಕೇಳಿದ್ದು ಒಂದೇ ಮಾತು.

"ಓನರ್ ಇಲ್ಲೇ ಇರ್ತಾರೇನ್ರಿ?"

"ಹ್ಞೂಂ, ನಾನ ಓನರ್. ಇಲ್ಲೇ ಕೆಳಗ ಇರ್ತೇನಿ," ಎನ್ನುತ್ತಿದ್ದೆ ಎದೆ ಉಬ್ಬಿಸಿ.

ಅಲ್ಲಿಗೆ ಮುಗಿಯಿತು. ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಗೋಡೆ ನೋಡುತ್ತಾಳೆ. "ಫೋನ್ ಮಾಡ್ತೇವ್ರಿ" ಎಂದು ಹೋದವರು ಇವತ್ತಿನವರೆಗೂ ಮಾಡಿಲ್ಲ. ಅಲ್ಲ, ಓನರ್ ಅಂದರೆ ಏನು ಹುಲಿಯೇ, ಕರಡಿಯೇ?

ನಾನು ಮಾಲಿಂಗಪ್ಪ, ಮೇಲವಂಕಿಯವನು. ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಕೂಗಿ ಕೂಗಿ ಗಂಟಲು ಸವೆಸಿಕೊಂಡವನು. ಐವತ್ತು ಸೀಟಿನ ಗಾಡಿಯಲ್ಲಿ ತೊಂಬತ್ತು ಜನರನ್ನು ತುಂಬಿಕೊಂಡು "ಮುಂದ ಸರೀರಿ, ಮುಂದ ಸರೀರಿ" ಎಂದು ದಿನವಿಡೀ ಜಗಳಾಡುತ್ತಿದ್ದವನಿಗೆ, ರಿಟೈರ್ ಆದ ಮರುದಿನ ಜಗಳಾಡಲೂ ಒಬ್ಬರಿರಲಿಲ್ಲ. ಹೆಂಡತಿ ಮಾಯವ್ವ ಅದಕ್ಕೂ ಎರಡು ವರ್ಷ ಮೊದಲೇ ತೀರಿಕೊಂಡಿದ್ದಳು. ನಮಗೆ ಮಕ್ಕಳಾಗಲಿಲ್ಲ.

ಇಬ್ಬರೂ ಇದೇ ಗೋಕಾಕದಲ್ಲಿ ಇಪ್ಪತ್ತೆರಡು ವರ್ಷ ಬಾಡಿಗೆ ಮನೆಯಲ್ಲಿದ್ದೆವು. ಆ ಮನೆಯ ಮಾಲಕ, ಪುಣ್ಯಾತ್ಮ, ನಳದ ಹತ್ತಿರ ನಿಂತು ಮಾಯವ್ವ ತುಂಬುವ ಕೊಡಗಳನ್ನು ಎಣಿಸುತ್ತಿದ್ದ. ಇವಳಿಗೆ ಸಿಟ್ಟೇ ಬರುತ್ತಿರಲಿಲ್ಲ. ಒಳಗೆ ಬಂದು ನಗುತ್ತಿದ್ದಳು. "ನಾವು ಮನಿ ಕಟ್ಟಿಸಿದ್ರ ನಾಕ ಸಂಸಾರ ಇರೂವಂಗ ಕಟ್ಟಸೂನ್ರಿ. ಮನ್ಯಾಗ ಮಂದಿ ಬೇಕು. ನಾ ಅಂತೂ ಯಾರ ಕೊಡಾನೂ ಎಣಸೂದಿಲ್ಲ."

ನನಗೆ ಬಾಡಿಗೆಯ ಆಸೆಗಿಂತ ಆ ಮಾತಿನ ಆಸೆ. ನನ್ನ ತಲೆಯ ಮೇಲೆ ನಾಲ್ಕು ಸಂಸಾರ ಓಡಾಡಬೇಕು, ಬೇರೇನೂ ಬೇಡ. ಮೇಲವಂಕಿಯ ಪಾಲಿನ ಹೊಲ ಅಣ್ಣನಿಗೇ ಮಾರಿ ಮೂವತ್ತು ನಲವತ್ತರ ಸೈಟು ಹಿಡಿದೆ.

ಎಂಜಿನಿಯರ್ ಶಿವಪುತ್ರ ಮೊದಲ ದಿನವೇ ಅದಕ್ಕೆ ಕತ್ತರಿ ಹಾಕಿದ. "ಕಾಕಾ, ಸುತ್ತಲೂ ಜಾಗಾ ಬಿಡಬೇಕು. ಕೆಳಗ ಪಾರ್ಕಿಂಗ್ ಬಿಡಬೇಕು. ಇಲ್ಲಂದ್ರ ಪರ್ಮಿಶನ್ ಸಿಗೂದಿಲ್ಲ."

"ಮತ್ತ ನಾ ಎಲ್ಲಿ ಇರ್ಲೋ ಮಾರಾಯಾ, ನೀರಿನ ಟಾಕ್ಯಾಗ?"

ಕೊನೆಗೆ ನನ್ನ ಪಾಲಿಗೆ ಮೆಟ್ಟಿಲ ಬುಡದಲ್ಲಿ ಹತ್ತಕ್ಕೆ ಹತ್ತರ ಒಂದು ಕೋಣೆ ಉಳಿಯಿತು. ಗೌಂಡಿ ಶೆಟ್ಟೆಪ್ಪ ಸ್ಲ್ಯಾಬ್ ಹಾಕುವ ದಿನ ಬಂದಾಗಲೆಲ್ಲ ಬೀಗರ ಊರಿಗೆ ಹೋಗಿಬಿಡುತ್ತಿದ್ದ. ಬಾಜೂ ಮನೆಯವ "ನಿಮ್ಮ ಕಿಡಕಿ ನಮ್ಮ ಅಡಿಗಿಮನಿ ನೋಡ್ತೈತಿ" ಎಂದು ತಕರಾರು ತೆಗೆದ. ಎರಡು ಕಿಟಕಿ ಮುಚ್ಚಿಸಿದೆ. ಎರಡು ವರ್ಷ ಹಿಡಿಯಿತು. ಮುಗಿದ ದಿನ ಗೇಟಿನ ಪಕ್ಕದ ಗ್ರಾನೈಟಿನಲ್ಲಿ "ಮಾಯವ್ವ ನಿಲಯ" ಎಂದು ಕೆತ್ತಿಸಿ, ನಾನೇ ಒದ್ದೆ ಬಟ್ಟೆಯಿಂದ ಒರೆಸಿದೆ.

ಆಮೇಲೆ ಐದು ತಿಂಗಳು ನಾಲ್ಕೂ ಮನೆ ಖಾಲಿ. ಸಂಜೆ ಮೇಲೆ ಹೋಗಿ ಒಂದೊಂದೇ ಮನೆಯ ದೀಪ ಹಚ್ಚಿ ಬರುತ್ತಿದ್ದೆ. ಕೆಮ್ಮಿದರೆ ಆ ಕೆಮ್ಮು ಕೋಣೆಯಿಂದ ಕೋಣೆಗೆ ಹೋಗಿ ನನಗೇ ವಾಪಸು ಬರುತ್ತಿತ್ತು.

ಒಂದು ಬೆಳಿಗ್ಗೆ ಬರೀ ಬನಿಯನ್‌ನಲ್ಲಿ ಮೆಟ್ಟಿಲು ತೊಳೆಯುತ್ತಿದ್ದೆ. ಒಬ್ಬ ಹುಡುಗಿ ಗಂಡನ ಜೊತೆ ಗೇಟು ತೆಗೆದು ಬಂದಳು. ಹೆಸರು ವಿದ್ಯಾ, ಅರಭಾವಿ ಕಾಲೇಜಿನಲ್ಲಿ ಕೆಲಸ. ನನ್ನನ್ನೂ ನೋಡಿದಳು, ಮೆಟ್ಟಿಲ ಬುಡದ ಕೋಣೆಯನ್ನೂ ನೋಡಿದಳು.

"ಕಾಕಾ, ನೀವು ವಾಚ್‌ಮನ್ ಏನ್ರಿ? ಓನರ್ ಇಲ್ಲೇ ಇರ್ತಾರೇನು?"

ಸಿಟ್ಟು ನೆತ್ತಿಗೇರಿತು. ಪೊರಕೆ ಎತ್ತಿ, ಬಾಯಿ ತೆರೆದೆ. ಆದರೆ ಅವಳು ಆಗಲೇ ಮೇಲಿನ ಬಾಲ್ಕನಿ ನೋಡುತ್ತ, "ಬಟ್ಟಿ ಒಣಗಸಾಕ ಛಲೋ ಐತಿ" ಎಂದು ಗಂಡನಿಗೆ ತೋರಿಸುತ್ತಿದ್ದಳು.

"ಇಲ್ಲವ್ವ," ಎಂದೆ. "ಓನರ್ ಹುಬ್ಬಳ್ಳ್ಯಾಗ ಇರ್ತಾರ. ನಾ ನೋಡ್ಕೊಂಡ ಹೋಗಾಂವ."

ಮರುವಾರವೇ ಸಾಮಾನು ಇಳಿಯಿತು. ಎರಡು ತಿಂಗಳಲ್ಲಿ ನಾಲ್ಕೂ ಮನೆ ತುಂಬಿದವು. ಕರಾರು ಪತ್ರಕ್ಕೆ ಒಳಗೆ ಕುಳಿತು ನಾನೇ ಸಹಿ ಹಾಕಿ, "ಓನರ್ ಕಳಿಸ್ಯಾರ" ಎಂದು ಕೊಟ್ಟೆ. ನನ್ನ ಹೆಸರೇನೆಂದು ಯಾರೂ ಕೇಳಲಿಲ್ಲ. ವಾಚ್‌ಮನ್ ಹೆಸರು ಯಾರಿಗೆ ಬೇಕು? ಎಲ್ಲರಿಗೂ ನಾನು ಕಾಕಾ.

ಖರೆ ಹೇಳುತ್ತೇನೆ, ಸುಖವಾಗಿದ್ದೆ. ಬೆಳಿಗ್ಗೆ ನಾಲ್ಕು ಕುಕ್ಕರು ಸೀಟಿ ಹೊಡೆಯುತ್ತಿದ್ದವು. "ಕಾಕಾ, ನೀರ ಬಂತೇನು?" "ಕಾಕಾ, ಮೊಳಿ ಹೊಡಿತೀನಿ, ಓನರ್‌ಗೆ ಹೇಳಬ್ಯಾಡ್ರಿ ಮತ್ತ!" ನಾನು ಯಾಕೆ ಹೇಳಲಿ? ಆ ಓನರನ್ನು ಅವರ ಜೊತೆ ಸೇರಿ ನಾನೂ ನಾಲ್ಕು ಮಾತು ಬೈದೆ. ಮಾಯವ್ವನ ಫೋಟೊದ ಕೆಳಗೆ ಹೆಸರು ಬರೆಸಿದ್ದೆ, ಯಾರಾದರೂ ಓದಿಯಾರೆಂದು ಅದನ್ನು ಗೋಡೆಯಿಂದ ಇಳಿಸಿ ಸರ್ವೀಸಿನ ಕಾಲದ ತಗಡಿನ ಪೆಟ್ಟಿಗೆಯಲ್ಲಿಟ್ಟೆ. ದಿನಾ ಬಾಗಿಲು ಹಾಕಿಕೊಂಡು ಪೆಟ್ಟಿಗೆ ತೆಗೆದು ಹೇಳುತ್ತಿದ್ದೆ, "ನೋಡ, ಮನ್ಯಾಗ ಮಂದಿ ಬಂದಾರ. ಯಾರ ಕೊಡಾನೂ ಎಣಸೂದಿಲ್ಲ ನಾ."

ನಾಗರ ಪಂಚಮಿಯ ದಿನ ವಿದ್ಯಾ ತಾಟಿನಲ್ಲಿ ಶೇಂಗಾ ಉಂಡಿ ತಂದಳು. ಕೊಟ್ಟು ಹಾಗೇ ಹೋಗಲಿಲ್ಲ, ನನ್ನ ಬಾಗಿಲಿನ ಎದುರಿಗೆ ಮೆಟ್ಟಿಲ ಮೇಲೆ ಕುಳಿತಳು.

"ನಿಮ್ಮ ಓನರ್ ಭಾಳ ಛಲೋ ಮನಷ್ಯಾ ಬಿಡ್ರಿ ಕಾಕಾ."

"ಯಾಕವ್ವ?"

"ಒಮ್ಮಿನೂ ಈ ಕಡೆ ಹಾಯ್ದಿಲ್ಲ ನೋಡ್ರಿ!" ಎಂದು ನಕ್ಕಳು. ನಾನೂ ನಕ್ಕೆ.

ಆಮೇಲೆ ಗೇಟಿನ ಕಡೆ ನೋಡಿ ಕೇಳಿದಳು. "ಕೇಳಬೇಕು ಅಂತಿದ್ದೆ. ಈ ಮಾಯವ್ವ ಅಂದ್ರ ಯಾರ್ರಿ?"

ಹೇಳಿಬಿಡು ಎಂದಿತು ಜೀವ. ನನ್ನ ಹೆಂಡತಿ, ನನ್ನ ಜೊತೆ ಇಪ್ಪತ್ತೆರಡು ವರ್ಷ ಮಂದಿಯ ಮನೆಯಲ್ಲಿ ನೀರು ತುಂಬಿದವಳು ಎನ್ನಬೇಕು. ಅಂದೆನೆಂದರೆ ಈ ಹುಡುಗಿ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಾಳೆ. ನಾಳೆಯಿಂದ ಮೆಟ್ಟಿಲ ಮೇಲೆ ಮಾತು ಸಣ್ಣಗಾಗುತ್ತದೆ. ಎರಡು ತಿಂಗಳಿಗೆ ಸಾಮಾನು ಒಯ್ಯಲು ಟೆಂಪೊ ಬರುತ್ತದೆ.

"ಓನರ್ ಹೆಂಡ್ತಿ ಹೆಸರ ಅಂತವ್ವ," ಎಂದೆ. "ತೀರಿಕೊಂಡಾಳಂತ."

"ಅಯ್ಯ, ಪಾಪ. ನೀವು ನೋಡೀರೇನು ಆಕಿನ್ನ?"

"ಇಲ್ಲವ್ವ. ನಾ ನೋಡಿಲ್ಲ."

ಅವಳು ಉಂಡಿ ನನ್ನ ಕೈಗಿಟ್ಟು, ಖಾಲಿ ತಾಟು ತೆಗೆದುಕೊಂಡು ಮೇಲೆ ಹೋದಳು. ಮೇಲೆ ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ಉಂಡಿ ಮಾಯವ್ವನಿಗೆ ತೋರಿಸೋಣವೆಂದು ಬಾಗಿಲು ಹಾಕಿಕೊಂಡೆ. ಉಂಡಿಯನ್ನು ಪೆಟ್ಟಿಗೆಯ ಮುಚ್ಚಳದ ಮೇಲಿಟ್ಟೆ. ಅವತ್ತು ಪೆಟ್ಟಿಗೆ ತೆಗೆಯಲಿಲ್ಲ.