ಎರಡು ಚುಕ್ಕೆ

ಅಚ್ಚುಕೂಟದಲ್ಲಿ ಹಾಳೆ ಮಡಚುವ ಕೆಲಸ ಅವಳದು. ಎಲ್ಲರ ಬಾಯಲ್ಲೂ ಅಕ್ಕ. ಹನ್ನೆರಡು ತುಂಬುವುದರೊಳಗೆ ಅಪ್ಪನೆದುರು ಕೂತು ಇಡೀ ಕುರಾನನ್ನು ಬಾಯಿಪಾಠ ಮಾಡಿದ್ದಳೆಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಆ ದಿನ ಮಸೀದಿಯ ಪಾಠಶಾಲೆಗೆಂದು ಕುರಾನ್ ಅಚ್ಚಾಗುತ್ತಿತ್ತು. ಮಡಚುತ್ತ ತುಟಿಯಲ್ಲೇ ಓದಿಕೊಳ್ಳುತ್ತಿದ್ದವಳ ನಾಲಿಗೆ ಒಂದು ಪದಕ್ಕೆ ಗಕ್ಕನೆ ನಿಂತಿತು. ಅರಬಿ ಅಕ್ಷರದ ಮೇಲಿರಬೇಕಾದ ಎರಡು ಚುಕ್ಕೆ ಕೆಳಗಿದ್ದವು. ಸೀದಾ ಹೋಗಿ ಯಂತ್ರ ನಿಲ್ಲಿಸಿದಳು.

ಯಜಮಾನರು ಓಡಿಬಂದರು. "ಏನಮ್ಮಾ, ತಲೆ ಕೆಟ್ಟಿದೆಯಾ?"

"ತಪ್ಪಿದೆ ಸಾರ್. 'ನೀವು ಬಲ್ಲಿರಿ' ಅಂತ ಇರಬೇಕಾದ್ದು 'ಅವರು ಬಲ್ಲರು' ಅಂತಾಗಿದೆ."

"ಎರಡು ಚುಕ್ಕೆಗೆ ಇಷ್ಟು ರಂಪಾನಾ?"

ಕರಡು ತಿದ್ದುವ ಮುದುಕರು ಕನ್ನಡಕ ಏರಿಸಿದರು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. "ನಮ್ಮಜ್ಜಿ ಓದಿದ ಗ್ರಂಥದ ಮಾತೇ ಬೇರೆ, ನಾನು ಓದೋ ಮಾತೇ ಬೇರೆ ಕಣಮ್ಮಾ. ಅನುವಾದ ಬದಲಾದ್ರೂ ನಮಗೆ ಅದೇ ಗ್ರಂಥ."

"ನಮಗೆ ಅನುವಾದ ಅರ್ಥ ಹೇಳುತ್ತೆ ಅಣ್ಣಾ, ಅದೇ ಕುರಾನ್ ಆಗಲ್ಲ. ದೇವರಿಂದ ಇಳಿದು ಬಂದ ಅರಬಿ ಮಾತೇ ಕುರಾನ್. ಐದು ಹೊತ್ತಿನ ನಮಾಜಲ್ಲೂ ಅದನ್ನೇ ಹೇಳೋದು. ದೇವರು 'ನೀವು' ಅಂತ ನಮ್ಮ ಮುಖಕ್ಕೇ ಹೇಳಿದ್ದನ್ನ ಪಕ್ಕದ ಮನೆಯವರ ತಲೆಗೆ ಕಟ್ಟೋಕಾಗುತ್ತಾ?"

ಮುದುಕರು ನಕ್ಕರು. "ಆ ಕೆಲಸ ನಾವೂ ಚೆನ್ನಾಗೇ ಮಾಡ್ತೀವಿ ಬಿಡು."

"ಯಂತ್ರ ಬಿಡು," ಯಜಮಾನರು ಗದರಿದರು. "ಇಲ್ಲಾಂದ್ರೆ ನಾಳೆಯಿಂದ ಬರಬೇಡ."

"ಬರಲ್ಲ. ಆದ್ರೆ ಇವತ್ತು ಇದು ಓಡಲ್ಲ." ಜಾಗ ಬಿಟ್ಟು ಕದಲಲಿಲ್ಲ.

ಪಾಠಶಾಲೆಯ ಗುರುಗಳನ್ನು ಕರೆಸಿದ್ದಾಯಿತು. ಅವರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಈ ಕರಡಿಗೆ ಒಪ್ಪಿಗೆ ಕೊಟ್ಟೋನು ನಾನು. ಹಾಳೆ ಮಡಚೋಳು ನನಗೆ ಓದು ಕಲಿಸ್ತೀಯಾ?"

ಅವಳು ವಾದಕ್ಕೆ ಇಳಿಯಲಿಲ್ಲ. ಕಣ್ಣು ಮುಚ್ಚಿ, ಆ ಪದಕ್ಕಿಂತ ಹತ್ತು ಸಾಲು ಹಿಂದಿನಿಂದ ಓದತೊಡಗಿದಳು. ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು, ಎಲ್ಲಿ ತಡೆಯಬೇಕೋ ಅಲ್ಲಿ ತಡೆದು. ಗುರುಗಳ ತುಟಿಯೂ ತಾನಾಗಿ ಅಲುಗಿತು. ಆ ಪದ ಬಂದಾಗ ಅವರ ಬಾಯಿಂದ ಹೊರಟದ್ದೂ ಅವಳು ಹೇಳಿದ್ದೇ. ಹಾಳೆ ನೋಡಿದರು, ಮುಖ ಸಣ್ಣಗಾಯಿತು.

"ತಪ್ಪು ನನ್ನದು," ಎಂದರು.

ಕೆಟ್ಟ ಹಾಳೆಗಳನ್ನು ರದ್ದಿಗೆ ಹಾಕಲು ಅವಳು ಬಿಡಲಿಲ್ಲ. ಬಟ್ಟೆಯಲ್ಲಿ ಸುತ್ತಿ, ಮಸೀದಿಯ ಹಿತ್ತಲಲ್ಲಿ ಹೂಳಿಸಿದಳು.

ಮರುದಿನ ಯಜಮಾನರೇ ಹೇಳಿಕಳಿಸಿದರು. ಬಂದಳು, ಆದರೆ ಬಾಗಿಲಲ್ಲೇ ನಿಂತಳು.

"ಮಡಚ್ತೀನಿ ಸಾರ್. ಆದ್ರೆ ಯಂತ್ರಕ್ಕೆ ಹೋಗೋ ಮೊದ್ಲು ಪ್ರತಿ ಹಾಳೆ ನಾನು ಓದಬೇಕು. ಒಪ್ಪಿಗೆಗೆ ನನ್ನ ಸಹಿ ಬೇಕು."

"ಗುರುಗಳ ಸಹಿ ಇರುತ್ತಲ್ಲಮ್ಮಾ?"

"ಇರಲಿ. ನನ್ನದೂ ಇರಲಿ."

ಕರಡು ತಿದ್ದುವ ಮುದುಕರು ತಮ್ಮ ಮೇಜಿನ ಅರ್ಧ ಭಾಗ ಖಾಲಿ ಮಾಡತೊಡಗಿದರು.