ಹನ್ನೊಂದು ದಿನದ ಕಲೆ

ತ್ರಿವೇಣಿಯ ಮೊದಲ ಕಾದಂಬರಿಯ ಇಪ್ಪತ್ತನೆಯ ಪುಟ ಮುಗಿಯುವುದರೊಳಗೆ ಹನ್ನೆರಡು ಜನ ಸತ್ತಿರುತ್ತಾರೆ. ‘ಏಳು ಸೂರ್ಯರ ದುರ್ಗ’ ಎಂಬ ಆ ಪುಸ್ತಕದಲ್ಲಿ ಆಕಾಶದಿಂದ ಇಳಿದ ಕಬ್ಬಿಣದ ಪ್ರಾಣಿಗಳಿದ್ದವು, ಕಲ್ಲು ಕರಗಿಸುವ ಮಂತ್ರವಿತ್ತು, ರಣಿಕೆ ಎಂಬ ಸೇನಾನಿ ಇದ್ದಳು. ಎರಡನೆಯ ಭಾಗದಲ್ಲಿ ಸತ್ತವರೆಷ್ಟೋ ತ್ರಿವೇಣಿಗೇ ಗೊತ್ತಿರಲಿಲ್ಲ.

ಅವಳಿಗೆ ನಲವತ್ತೊಂದು ವರ್ಷ. ಕಲಬುರಗಿಯ ವಿದ್ಯುತ್ ಕಚೇರಿಯೊಂದರಲ್ಲಿ ಕಿರಿಯ ಎಂಜಿನಿಯರ್. ಬ್ರಹ್ಮಪುರದ ಬಾಡಿಗೆ ಮನೆಯಲ್ಲಿ ಅಪ್ಪ ತುಕಾರಾಮನ ಜೊತೆ ಇದ್ದಳು. ಬೆಳಿಗ್ಗೆ ಐದರಿಂದ ಏಳರವರೆಗೆ ಬರೆಯುವುದು, ಆಮೇಲೆ ಕಚೇರಿ. ಓದುಗರು ಕರೆದಲ್ಲಿ ಹೋಗುತ್ತಿದ್ದಳು. ಎಲ್ಲ ಕಡೆ ಅವವೇ ನಾಲ್ಕೈದು ಪ್ರಶ್ನೆಗಳು ಬರುತ್ತಿದ್ದರಿಂದ ಉತ್ತರಗಳೂ ಬಾಯಿಪಾಠವಾಗಿದ್ದವು.

ಆ ಏಪ್ರಿಲ್‌ನಲ್ಲಿ ಕಮಲಾಪುರದಿಂದ ನಬಿಸಾಬ್ ಮಾಸ್ತರರು ಕರೆದರು. ನಿವೃತ್ತರಾದ ಮೇಲೆ ಅವರು ತಮ್ಮ ಮನೆಯ ಪಡಸಾಲೆಯನ್ನೇ ಓದುವ ಕೋಣೆ ಮಾಡಿದ್ದರು. ಆವತ್ತು ಊರಿನ ಸಂತೆ. ಮೂವತ್ತು ಮೂವತ್ತೈದು ಜನ ಚಾಪೆಯ ಮೇಲೆ ಕೂತಿದ್ದರು. ಮಾಸ್ತರರ ಹೆಂಡತಿ ಕುಲ್ಸುಮ್ ಬಾಗಿಲಲ್ಲಿ ನಿಂತು ನೀರು ಕೊಡುತ್ತಿದ್ದಳು.

“ಇಂಥಾ ಕಲ್ಪನಾ ಎಲ್ಲಿಂದ ಬರ್ತಾವ್ರಿ?” ಎಂದು ಮೊದಲನೆಯವರು ಕೇಳಿದರು.

“ಟ್ರಾನ್ಸ್‌ಫಾರ್ಮರ್ ಬುಡಕ ನಿಂತು ಕೇಳ್ರಿ. ಅದರ ಹೊಟ್ಟ್ಯಾಗ ಏನೋ ಒಂದು ಜೀವಂತ ಅದ ಅನಸ್ತದ. ನನ್ನ ಕಬ್ಬಿಣದ ಪ್ರಾಣಿ ಅಲ್ಲೇ ಹುಟ್ಟ್ಯಾವ.”

“ಮೂರನೇ ಭಾಗ ಯಾವಾಗ?”

“ನಮ್ಮ ಸಾಹೇಬ್ರು ರಜಾ ಕೊಟ್ಟಾಗ.”

ಎಲ್ಲರೂ ನಕ್ಕರು. ಟ್ರ್ಯಾಕ್ಟರ್ ರಿಪೇರಿ ಮಾಡುವವನೊಬ್ಬ ಎದ್ದು ನಿಂತ. “ಮೇಡಂ, ಹೊಡದಾಟ ಇಷ್ಟು ಖರೇ ಅನಸೋಹಂಗ ಹ್ಯಾಂಗ ಬರೀತೀರಿ? ಎಲ್ಲರೆ ಕಣ್ಣಾರೆ ನೋಡೀರೇನು?”

“ನಾ ಇಲ್ಲೀತನ ಒಂದು ಇಲಿ ಸೈತ ಹೊಡದಿಲ್ರಿ. ಕಣ್ಣು ಮುಚ್ಚಿದ್ರ ಎಲ್ಲಾ ಕಾಣಸ್ತದ,” ಎಂದಳು ತ್ರಿವೇಣಿ. ಇದಕ್ಕೂ ನಕ್ಕರು. ಈ ಉತ್ತರ ಎಲ್ಲಿಯೂ ಸೋತಿರಲಿಲ್ಲ.

ಗೋಡೆಯ ಬದಿಯಲ್ಲಿ ಕೂತಿದ್ದ ಹೆಂಗಸೊಬ್ಬಳು ಕೈ ಎತ್ತಿದಳು. ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಅಂಥ ಬಿಸಿಲಿನಲ್ಲೂ ಸೆರಗನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು.

“ಅಕ್ಕಾರೀ, ನಿಮ್ಮ ಎರಡನೇ ಪುಸ್ತಕದಾಗ ಒಂದು ತಪ್ಪದರಿ.”

“ಹೇಳ್ರಿ.”

“ಕ್ವಾಟಿ ದೊರಿ ರಣಿಕೆ ಕುತಿಗಿ ಹಿಚಕ್ತಾನಲ್ರಿ. ಆ ಕಲೆ ನಾಕು ದಿನಕ್ಕ ಹೋತು ಅಂತ ಬರದೀರಿ. ಹೋಗಂಗಿಲ್ರಿ. ಮದಲ ಕೆಂಪಗ, ಆಮ್ಯಾಲ ನೀಲಿ, ಆಮ್ಯಾಲ ಹಳದಿ. ಹನ್ನೊಂದು ದಿನ ಬೇಕು. ಮತ್ತ ಆಕಿ ಮರದಿನಾನೇ ಮಾಂಸ ತಿಂತಾಳ. ಅದೂ ಆಗಂಗಿಲ್ಲ. ಉಗುಳು ನುಂಗಾಕ ಬರಂಗಿಲ್ರಿ.”

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತ್ರಿವೇಣಿಯೂ ನಗುತ್ತಲೇ, “ಇಷ್ಟೆಲ್ಲಾ ನಿಮಗ ಹ್ಯಾಂಗ ಗೊತ್ತು?” ಎಂದಳು. ಮಾತು ಬಾಯಿಂದ ಹೊರಟ ಮೇಲೆ ಅವಳಿಗೆ ಅರ್ಥವಾಯಿತು.

ಆ ಹೆಂಗಸು ಸೆರಗನ್ನು ಒಂದು ಸುತ್ತು ಬಿಚ್ಚಿದಳು. ಕೊರಳಿನ ಎರಡೂ ಬದಿ ಬೆರಳಿನ ಗುರುತುಗಳಿದ್ದವು, ಅಂಚು ಹಳದಿ, ನಡುವೆ ಇನ್ನೂ ನೀಲಿ. ಆಕೆ ಮತ್ತೆ ಸೆರಗು ಸುತ್ತಿಕೊಂಡು ಕೂತಳು.

ನಬಿಸಾಬರು ಸಭೆಯನ್ನು ಅಲ್ಲಿಗೇ ಮುಗಿಸಿದರು.

ಅವಳ ಹೆಸರು ಅಂಬಿಕಾ. ಅಡಿಗೆಮನೆಯಲ್ಲಿ ಕೂರಿಸಿಕೊಂಡು ಕುಲ್ಸುಮಳೇ ಹೇಳಿದಳು: “ಮೂರು ತಿಂಗಳಿಂದ ಇಲ್ಲೇ ಕುಂತು ನಿಮ್ಮ ಪುಸ್ತಕ ಓದ್ಯಾಳ್ರಿ. ಮದಲನೇದ್ದು ಮನಿಗೆ ಒಯ್ದಿದ್ಲು. ಗಂಡ ಒಲಿಗೆ ಹಾಕಿದ. ತಗೀಲಿಕ್ಕೆ ಹ್ವಾದ್ರ ಕೈನೂ ಅಲ್ಲೇ ಒತ್ತಿ ಹಿಡದ.”

ಅಂಬಿಕಾ ಎಡ ಅಂಗೈ ತೋರಿಸಿದಳು. ಸುಟ್ಟ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಗಂಡ ಶಿವಲಿಂಗ ಕೆಂಪು ಬಾಳೆಯ ವ್ಯಾಪಾರಿ. ಮದುವೆಯಾಗಿ ಐದು ವರ್ಷ. ಎರಡು ಸಲ ತವರಿಗೆ ಓಡಿಹೋಗಿದ್ದಳು. ಎರಡೂ ಸಲ ಅಣ್ಣನೇ ಗಾಡಿ ಮಾಡಿಕೊಂಡು ಬಂದು ಬಿಟ್ಟುಹೋಗಿದ್ದ.

“ಇವತ್ತು ಅಂವ ಎಲ್ಲಿದ್ದಾನ?” ಎಂದು ತ್ರಿವೇಣಿ ಕೇಳಿದಳು.

“ಹುಮನಾಬಾದಕ್ಕ ಲೋಡ್ ತಗೊಂಡು ಹೋಗ್ತೀನಂದಾನ್ರಿ. ಅದಕ್ಕೇ ಬಂದೀನಿ.”

“ನನ್ನ ಜೋಡಿ ಕಲಬುರಗಿಗೆ ಬರ್ತೀ? ಎರಡು ಗಂಟಿ ಬಸ್ಸಿಗಿ?”

ಅಂಬಿಕಾ ಕುಲ್ಸುಮಳ ಮುಖ ನೋಡಿದಳು, ಒಲೆ ನೋಡಿದಳು. “ಮನಿಗಿ ಹೋಗಿ ಉಡಾಕ ಅರಬಿ ತರಬೇಕಲ್ರಿ?”

“ಬ್ಯಾಡ. ಹೋದ್ರ ಬರಂಗಿಲ್ಲ ನೀ. ಹಿಂಗೇ ನಡಿ.”

ನಬಿಸಾಬರೂ ಜೊತೆಗೆ ಹೊರಟರು. ಬಸ್ ನಿಲ್ದಾಣಕ್ಕೆ ಸಂತೆ ದಾಟಿಯೇ ಹೋಗಬೇಕು. ಬಾಳೆಗೊನೆಗಳ ರಾಶಿಯ ಹತ್ತಿರ ಬಂದಾಗ ಅಂಬಿಕಾ ತಟ್ಟನೆ ನಿಂತುಬಿಟ್ಟಳು. ಹುಮನಾಬಾದಿಗೆ ಹೋಗಬೇಕಿದ್ದ ಲಾರಿ ಬಂದಿರಲಿಲ್ಲ. ಶಿವಲಿಂಗ ತಕ್ಕಡಿಯ ಪಕ್ಕದಲ್ಲಿ ಕುಡಗೋಲು ಹಿಡಿದು ಗೊನೆಯಿಂದ ಚಿಪ್ಪು ಬಿಡಿಸುತ್ತಿದ್ದ.

ಅವನು ಕೂಗಾಡಲಿಲ್ಲ. ಎದ್ದು ಬಂದು, “ಎಲ್ಲಿಗಿ ನಡದೀ?” ಎಂದು ಮೆಲ್ಲಗೆ ಕೇಳಿದ. ಉತ್ತರ ಬರುವ ಮೊದಲೇ ಅವಳ ತುರುಬು ಹಿಡಿದು ಕೈಗಾಡಿಯ ಅಂಚಿಗೆ ಮುಖ ಬಡಿದ. ಒಂದು ಸಲ, ಇನ್ನೊಂದು ಸಲ. ಅಂಬಿಕಾಳ ಬಾಯಿಂದ ರಕ್ತ, ರಕ್ತದ ಜೊತೆ ಹಲ್ಲು, ಬಾಳೆಹಣ್ಣುಗಳ ಮೇಲೆ ಬಿತ್ತು.

ಏಳು ನೂರು ಪುಟ ಯುದ್ಧ ಬರೆದ ತ್ರಿವೇಣಿಯ ಬಾಯಿಂದ ಒಂದು ಸ್ವರವೂ ಹೊರಡಲಿಲ್ಲ. ಓಡಿಹೋಗಿ ಅವನ ಅಂಗಿ ಹಿಡಿದೆಳೆದಳು, ಅಷ್ಟೇ. ನಬಿಸಾಬರು ನಡುವೆ ಬಂದರು. ಅವನು ಅವರ ಎದೆಗೆ ಒದ್ದ. ಅವರು ಮೆಣಸಿನಕಾಯಿ ಚೀಲಗಳ ಮೇಲೆ ಅಂಗಾತ ಬಿದ್ದರು.

“ನೀನೇ ಏನು ಪುಸ್ತಕದಾಕಿ?” ಎಂದು ಅವನು ತ್ರಿವೇಣಿಯ ಕಡೆ ತಿರುಗಿದ. “ನಿಮ್ಮ ಓಣಿ ಯಾವುದು, ನಿಮ್ಮಪ್ಪ ಯಾರು ಎಲ್ಲಾ ಗೊತ್ತದ. ನಮ್ಮ ಮನಿ ಹೆಣ್ಮಗಳ ಕೈ ಹಿಡಿಯಾಕ ಬಂದೀ?”

ಕುಡಗೋಲು ಬಂದದ್ದನ್ನು ಅವಳು ನೋಡಲಿಲ್ಲ. ತಾನಾಗಿ ಬಲಗೈ ಮೇಲೆ ಹೋಗಿತ್ತು. ಮುಂಗೈಗೆ ಏನೋ ಬಿಸಿ ತಾಗಿದಂತಾಯಿತು. ನೋಡಿದರೆ ಚರ್ಮ ಬಾಯಿ ತೆರೆದಿತ್ತು, ಒಳಗೆ ಬಿಳಿಯದೊಂದು ಕಂಡಿತು. ಬ್ಯಾಗಿನಲ್ಲಿ ಪುಸ್ತಕಗಳಿವೆ, ರಕ್ತ ಹತ್ತಿದರೆ ಹಾಳಾಗುತ್ತವೆ ಎಂದು ಆಗ ಅವಳಿಗೆ ಅನಿಸಿತು. ಅಲ್ಲೇ ನೆಲಕ್ಕೆ ಕೂತಳು.

ಜನ ಸುತ್ತುಗಟ್ಟಿದ್ದರು. “ಗಂಡ ಹೆಂಡ್ತಿ ಜಗಳ. ನಡಬರ್ಕ ಹೋಗಬ್ಯಾಡ್ರಿ,” ಎಂದು ಒಬ್ಬ ಹೇಳುತ್ತಿದ್ದ. ಬೆಳ್ಳುಳ್ಳಿ ಮಾರುವ ಶೇವಂತಾ ಎಂಬ ಮುದುಕಿ ಮಾತ್ರ ಮುಂದೆ ಬಂದು, ತನ್ನ ಸೆರಗು ಹರಿದು ತ್ರಿವೇಣಿಯ ಕೈಗೆ ಕಟ್ಟುತ್ತ, “ನಿಮ್ಮ ಬಾಯಾಗ ಮಣ್ಣು ಬೀಳಲಿ! ನೋಡಾಕತ್ತೀರಿ, ನಿಂತು ನೋಡಾಕತ್ತೀರಿ!” ಎಂದು ಕಿರುಚುತ್ತಿದ್ದಳು.

ಶಿವಲಿಂಗ ಕುಡಗೋಲು ಬಿಸಾಕಿದ. ಎರಡೂ ಕೈ ಬೇಕಾಗಿದ್ದವು ಅವನಿಗೆ. ಅಂಬಿಕಾಳನ್ನು ಕೆಡವಿ, ಎದೆಯ ಮೇಲೆ ಮೊಣಕಾಲೂರಿ ಕೊರಳು ಹಿಡಿದ. ಅವಳ ಹಿಮ್ಮಡಿಗಳು ಮಣ್ಣು ಕೆರೆದವು. ಕೈ ಸುತ್ತಲೂ ತಡಕಾಡಿತು. ತಕ್ಕಡಿಯ ಪಕ್ಕದಲ್ಲಿದ್ದ ಎರಡು ಕಿಲೋದ ಕಬ್ಬಿಣದ ತೂಕದ ಕಲ್ಲು ಸಿಕ್ಕಿತು.

ಮೊದಲ ಏಟು ಅವನ ಕಿವಿಗೆ ಬಿತ್ತು. ಎರಡನೆಯದು ಹಣೆಗೆ. ಅವನು ಬದಿಗೆ ಉರುಳಿದ. ಉರುಳಿದರೂ ಒಂದು ಕೈ ಅವಳ ಕಾಲಿನ ಹರಡು ಹಿಡಿದೇ ಇತ್ತು. ಅಂಬಿಕಾ ಮೊಣಕಾಲ ಮೇಲೆ ಎದ್ದಳು. ಕಬ್ಬಿಣದ ಕಲ್ಲನ್ನು ಎರಡೂ ಕೈಯಿಂದ ಎತ್ತಿ ಅವನ ಮುಖದ ಮೇಲೆ ಇಳಿಸಿದಳು. ಒದ್ದೆ ನೆಲಕ್ಕೆ ಮಣ್ಣಿನ ಹೆಂಟೆ ಬಿದ್ದಂಥ ಸದ್ದು. ನಾಲ್ಕನೆಯ ಸಲ ಎತ್ತಿದಳು.

“ಸಾಕು,” ಎಂದಳು ತ್ರಿವೇಣಿ. ಆ ಜಗಳದಲ್ಲಿ ಅವಳ ಬಾಯಿಂದ ಬಂದ ಒಂದೇ ಮಾತು ಅದು.

ಅಂಬಿಕಾ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟಳು, ಒಡೆದುಹೋಗುವ ವಸ್ತುವಿನಂತೆ.

ಬಂದದ್ದು ಒಂದೇ ಆಂಬುಲೆನ್ಸ್. ಸ್ಟ್ರೆಚರಿನ ಮೇಲೆ ಶಿವಲಿಂಗನನ್ನು ಮಲಗಿಸಿ, ಪಕ್ಕದ ಬೆಂಚಿನ ಮೇಲೆ ತ್ರಿವೇಣಿಯನ್ನು ಕೂರಿಸಿದರು. ಅವನ ಎಡಗಣ್ಣು ಇದ್ದ ಜಾಗದಲ್ಲಿ ಕಣ್ಣಿರಲಿಲ್ಲ. ಗಾಡಿ ಗುಂಡಿಗೆ ಇಳಿದಾಗಲೆಲ್ಲ, “ಯವ್ವಾ, ಯವ್ವಾ” ಎನ್ನುತ್ತಿದ್ದ. ಅವನ ರಕ್ತ ಹರಿದು ಅವಳ ಚಪ್ಪಲಿಯ ಕೆಳಗೆ ಬಂದು ಅಂಟುತ್ತಿತ್ತು.

“ಮೇಡಂ, ಆ ಕೈ ಛಲೋ ಅದಲ್ರಿ? ಈ ಬಾಟಲಿ ಎತ್ತಿ ಹಿಡೀರಿ,” ಎಂದು ಜೊತೆಗಿದ್ದ ನರ್ಸ್ ಸಲೈನ್ ಬಾಟಲಿ ಕೊಟ್ಟ. ಅವನಿಗೆ ಬೇರೆ ಕೆಲಸವಿತ್ತು.

ಕಲಬುರಗಿ ಬರುವವರೆಗೂ ತ್ರಿವೇಣಿ ಎಡಗೈಯಲ್ಲಿ ಆ ಬಾಟಲಿ ಎತ್ತಿ ಹಿಡಿದಿದ್ದಳು. ಇವನು ಸಾಯಲಿ ಎಂದು ಅವಳಿಗೆ ಸ್ಪಷ್ಟವಾಗಿ ಅನಿಸುತ್ತಿತ್ತು. ಕೈ ಸ್ವಲ್ಪ ಇಳಿಸಿದರೆ ಏನಾಗುತ್ತದೆ ಎಂದೂ ಯೋಚಿಸಿದಳು. ಭುಜ ಸೆಟೆದರೂ ಇಳಿಸಲಿಲ್ಲ. ಯಾಕೆ ಇಳಿಸಲಿಲ್ಲ ಎಂಬುದು ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಶಿವಲಿಂಗ ಬದುಕಿದ. ಒಂದು ಕಣ್ಣು ಹೋಯಿತು. ತ್ರಿವೇಣಿಯ ಮುಂಗೈಗೆ ಹತ್ತೊಂಬತ್ತು ಹೊಲಿಗೆ ಬಿದ್ದವು. ಬಲಗೈಯ ಎರಡು ಬೆರಳು ಮಡಚಲು ಬಾರದಂತಾದವು. ಕೊಲೆಯ ಪ್ರಯತ್ನ ಎಂದು ಅಂಬಿಕಾಳ ಮೇಲೆ ಕೇಸಾಯಿತು. ಎಪ್ಪತ್ತು ದಿನ ಜೈಲಿನಲ್ಲಿದ್ದಳು. ನಬಿಸಾಬರು ತಮ್ಮ ಮನೆಯ ಕಾಗದ ಇಟ್ಟು ಜಾಮೀನು ಕೊಡಿಸಿದ ಮೇಲೆ ಹೊರಗೆ ಬಂದಳು.

ಸುದ್ದಿ ಹರಡಿದಂತೆ ಓದುಗರ ಸಂದೇಶಗಳು ಬಂದವು. ‘ನೀವೇ ನಮ್ಮ ರಣಿಕೆ!’ ಎಂದು ಹಲವರು ಬರೆದರು. ಇನ್ನೊಬ್ಬರು, ‘ಕುಡಗೋಲು ತಾಗಿದಾಗ ಒಳಗೆ ಏನನಿಸಿತು? ಮೂರನೆಯ ಭಾಗಕ್ಕೆ ಉಪಯೋಗ ಆಗುತ್ತದಲ್ಲವೇ?’ ಎಂದು ಕೇಳಿದ್ದರು. ತ್ರಿವೇಣಿ ಫೋನನ್ನು ಗೋಡೆಗೆ ಬೀಸಿ ಒಗೆದಳು. ಒಳಗಿನಿಂದ ಬಂದ ಅಪ್ಪ ತುಕಾರಾಮ ಚೂರುಗಳನ್ನು ಗುಡಿಸಿದ.

ಕೇಸು ವಿಚಾರಣೆಗೆ ಬರುವಷ್ಟರಲ್ಲಿ ಒಂದೂವರೆ ವರ್ಷವಾಗಿತ್ತು. ತ್ರಿವೇಣಿ ಸಾಕ್ಷಿ ಹೇಳುವ ಹಿಂದಿನ ದಿನ ಶೇವಂತಾ ಬಸ್ಸು ಹತ್ತಿ ಬ್ರಹ್ಮಪುರಕ್ಕೆ ಬಂದಳು. ಅಂಬಿಕಾಳೂ ಆವತ್ತು ಅಲ್ಲಿಗೆ ಬಂದಿದ್ದಳು.

“ನೋಡವ್ವಾ, ನನಗ ಕೇಳಿದ್ರ ಎರಡೇ ಏಟು ಅಂತೀನಿ,” ಎಂದಳು ಮುದುಕಿ. “ನೀನೂ ಅಷ್ಟೇ ಹೇಳು. ಅಂವ ಬಿದ್ದ ಮ್ಯಾಲ ಹೊಡದಾಳ ಅಂದ್ರ ಮುಗೀತು ಈ ಕೂಸಿನ ಬಾಳ್ವೆ. ನೀ ಕತಿ ಬರಿಯಾಕಿ. ನಿನಗೇನು ಕಷ್ಟ?”

ತ್ರಿವೇಣಿಯೂ ವಾರದಿಂದ ಅದನ್ನೇ ಲೆಕ್ಕ ಹಾಕುತ್ತಿದ್ದಳು.

“ಮೂರು ಹೊಡದೀನ್ರಿ,” ಎಂದಳು ಅಂಬಿಕಾ. “ಮೂರನೇದ್ದು ನಾ ಬೇಕಂತ್ಲೇ ಹೊಡದೀನಿ. ಅದನ್ನ ಇಲ್ಲ ಅನಬ್ಯಾಡ್ರಿ ಅಕ್ಕಾ. ಐದು ವರ್ಷದಾಗ ನಾ ಮಾಡಿದ್ದು ಅದೊಂದೇ.”

ಮರುದಿನ ಕೋರ್ಟಿನಲ್ಲಿ, ಅಂಬಿಕಾಳ ಪರ ಸಾಕ್ಷಿ ಹೇಳಲು ನಿಂತ ತ್ರಿವೇಣಿಯ ಎದುರಿಗೆ ಸರ್ಕಾರಿ ವಕೀಲರು ಬಂದು ನಿಂತರು. ಕೈಯಲ್ಲಿ ಎರಡನೆಯ ಭಾಗದ ಪ್ರತಿ ಇತ್ತು.

“ನೀವು ಕಟ್ಟುಕಥೆ ಬರೆಯುವವರು, ಅಲ್ಲವೇ?”

“ಹೌದು.”

“ಇದರಲ್ಲಿ ಒಬ್ಬ ಹೆಂಗಸು ದೊರೆಯ ತಲೆಯನ್ನು ಕಲ್ಲಿನಿಂದ ಜಜ್ಜುತ್ತಾಳೆ. ಆರೋಪಿ ಇದನ್ನು ಓದಿದ್ದಳು. ಅಂದರೆ ದಾರಿ ತೋರಿಸಿದವರು ನೀವೇ?”

“ಕಲ್ಲು ಅಲ್ಲಿ ತಕ್ಕಡಿ ಪಕ್ಕದಾಗಿತ್ರಿ. ನಾ ಇಟ್ಟಿರಲಿಲ್ಲ.”

“ಎಷ್ಟು ಸಲ ಹೊಡೆದಳು?”

ತ್ರಿವೇಣಿಯ ನಾಲಿಗೆಯ ತುದಿಗೆ ‘ಎರಡು’ ಬಂದಿತ್ತು. “ಮೂರು,” ಎಂದಳು.

“ಮೂರನೆಯ ಸಲ ಅವನು ನೆಲದ ಮೇಲೆ ಬಿದ್ದಿದ್ದನೇ?”

“ಬಿದ್ದಿದ್ದ.”

ಹಿಂದೆ ಕೂತಿದ್ದ ಶೇವಂತಾ “ಅಯ್ಯೋ” ಎಂದದ್ದು ಕೇಳಿಸಿತು. ವಕೀಲರು ಕೂರಲು ತಿರುಗಿದರು.

“ಇನ್ನೂ ಮುಗಿದಿಲ್ರಿ,” ಎಂದಳು ತ್ರಿವೇಣಿ ನ್ಯಾಯಾಧೀಶರ ಕಡೆ ನೋಡಿ. “ಅಂವ ಬಿದ್ದಿದ್ದ, ಆದ್ರ ಕೈ ಆಕಿ ಹರಡ ಬಿಟ್ಟಿರಲಿಲ್ಲ. ಉಗುರು ಒಳಗ ಹೋಗಿದ್ವು. ಆಸ್ಪತ್ರಿ ಕಾಗದದಾಗ ಆ ಗಾಯ ಬರದಾರ, ನೋಡ್ರಿ. ನನಗ ಆಗ ಏನನಿಸ್ತು ಅಂದ್ರ, ಅಂವ ಎದ್ರ ಇಬ್ರನ್ನೂ ಕೊಲ್ತಾನ. ಆಕಿ ಹೊಡಿಯೋತನ ನಾ ಉಸರ ಬಿಟ್ಟಿಲ್ಲ.”

ನ್ಯಾಯಾಧೀಶರು ಕಾಗದ ತರಿಸಿ ನೋಡಿದರು. ಬಲಗಾಲಿನ ಹರಡಿನಲ್ಲಿ ನಾಲ್ಕು ಉಗುರಿನ ಗಾಯ ಎಂದು ಬರೆದಿತ್ತು. ಅಲ್ಲಿಯವರೆಗೆ ಅದನ್ನು ಯಾರೂ ಎತ್ತಿರಲಿಲ್ಲ.

ಎರಡು ತಿಂಗಳ ನಂತರ ತೀರ್ಪು ಬಂತು. ಪ್ರಾಣ ಉಳಿಸಿಕೊಳ್ಳಲು ಹೊಡೆದದ್ದು ಎಂದು ಅಂಬಿಕಾಳ ಬಿಡುಗಡೆಯಾಯಿತು. ತ್ರಿವೇಣಿಯನ್ನು ಕಡಿದ ಬೇರೆ ಕೇಸಿನಲ್ಲಿ ಶಿವಲಿಂಗನಿಗೆ ಮೂರು ವರ್ಷದ ಸಜೆ ಅದಕ್ಕೂ ಮೊದಲೇ ಆಗಿತ್ತು.

ಕೋರ್ಟಿನ ಹೊರಗೆ ಅಂಬಿಕಾಳ ಅಣ್ಣ ಹೊಸ ಸೀರೆ, ಹಣ್ಣು ಹಿಡಿದು ನಿಂತಿದ್ದ. “ನಡಿ ತಂಗಿ, ಮನಿಗಿ ಹೋಗಮು,” ಎಂದು ತೋಳು ಹಿಡಿದ. ಅಂಬಿಕಾ ಅವನ ಕೆನ್ನೆಗೆ ಬಾರಿಸಿದಳು. ಹಣ್ಣುಗಳು ಮೆಟ್ಟಿಲ ಮೇಲಿಂದ ಉರುಳಿ ಹೋದವು. ಪೊಲೀಸೊಬ್ಬ ಓಡಿ ಬಂದ. ಅಣ್ಣ ಕೆನ್ನೆ ಹಿಡಿದುಕೊಂಡು, “ಏನಿಲ್ರಿ, ಮನಿ ಮಾತು,” ಎಂದ.

ತ್ರಿವೇಣಿ ಆಟೋ ಕರೆದಳು. ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಒಂದು ರೊಟ್ಟಿ ಕೇಂದ್ರವಿತ್ತು. ಅಂಬಿಕಾ ಎಂಟು ತಿಂಗಳಿಂದ ಅಲ್ಲಿ ಕೆಲಸಕ್ಕಿದ್ದಳು, ಹಿಂದಿನ ಕೋಣೆಯಲ್ಲೇ ಇರುತ್ತಿದ್ದಳು. ದಾರಿಯುದ್ದಕ್ಕೂ ತ್ರಿವೇಣಿ ಎಡಗೈಯಿಂದ ಅವಳ ಭುಜ ಬಳಸಿ ಕೂತಿದ್ದಳು.

ಅಲ್ಲಿಗೆ ತಲುಪಿದಾಗ ಮಾಲಕಿ ಸಿಟ್ಟಿನಲ್ಲಿದ್ದಳು. “ಸಂಜಿಗಿ ಮದುವಿ ಮನಿ ಆರ್ಡರ್ ಅದ, ಗೊತ್ತಿಲ್ಲೇನು?” ಎಂದವಳು ಅಂಬಿಕಾಳ ಮುಖ ನೋಡಿ, ಒಂದು ತಂಬಿಗೆ ನೀರು ತಂದು ಕೊಟ್ಟಳು. ಅಂಬಿಕಾ ನೀರು ಕುಡಿದು, ಕೈ ತೊಳೆದು, ಹಿಟ್ಟಿನ ಮುಂದೆ ಕೂತಳು. ನಾದಿದ ಉಂಡೆಯನ್ನು ಕಲ್ಲಿನ ಮೇಲಿಟ್ಟು ಬಡಿಯತೊಡಗಿದಳು.

ಮೊದಲ ಬಡಿತಕ್ಕೆ ತ್ರಿವೇಣಿ ಬೆಚ್ಚಿ ಬಿದ್ದಳು. ಎರಡನೆಯದಕ್ಕೂ. ಬಲಗೈ ತಾನಾಗಿ ಮುಖದ ಮುಂದೆ ಬಂದಿತ್ತು.

ಅಂಬಿಕಾ ಅಂಗೈ ಮೇಲೆತ್ತಿ ನಿಲ್ಲಿಸಿದಳು. “ಅಕ್ಕಾ, ಹೊರಗ ಕುಂಡ್ರಿ. ಇನ್ನ ನೂರಾ ಇಪ್ಪತ್ತು ಬಡೀಬೇಕು.”

“ಬಡಿ,” ಎಂದಳು ತ್ರಿವೇಣಿ. ಗೋಡೆಗೆ ಬೆನ್ನು ಕೊಟ್ಟು, ಕಣ್ಣು ತೆರೆದುಕೊಂಡು, ಅಲ್ಲೇ ಕೂತಳು.